ಬಾವ ಹೊಂದಿಸಿದ ಬಣ್ಣ

ನನ್ನ ಬಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಂದೋ ಮುಖಕ್ಕೆ ಹೊಡೆದ ಹಾಗೆ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಒಳ್ಳೆಯವರ ಮೇಲೆ ಬಂದ ಸಿಟ್ಟು ಹಾಗಲ್ಲ. ನುಂಗಲೂ ಆಗದೆ ಉಗುಳಲೂ ಆಗದೆ ಗಂಟಲಲ್ಲೇ ಕೂತಿರುತ್ತದೆ.

ಅವರ ಕಸುಬು ಕಾರುಗಳಿಗೆ ಬಣ್ಣ ಹೊಡೆಯುವುದು. ಗುದ್ದಿಸಿಕೊಂಡು ಬಂದ ಕಾರಿನ ತಗ್ಗನ್ನು ಅವರ ಪಾಲುದಾರ ಬಡಿದು ನೇರ ಮಾಡುತ್ತಾನೆ. ಅದರ ಮೇಲೆ ಹಳೆಯ ಬಣ್ಣಕ್ಕೆ ಹೊಸ ಬಣ್ಣ ಹೊಂದಿಸುವುದು ಬಾವನ ಕೆಲಸ. ಡಬ್ಬದ ಮೇಲಿನ ನಂಬರನ್ನು ಅವರು ನಂಬುವುದಿಲ್ಲ. "ಬಿಸಿಲಲ್ಲಿ ನಿಂತ ಕಾರು ಡಬ್ಬದ ಮಾತು ಕೇಳಲ್ಲ" ಎನ್ನುತ್ತಾರೆ. ತಗಡಿನ ಚೂರಿನ ಮೇಲೆ ಒಂದಿಷ್ಟು ಹೊಡೆದು, ಒಣಗಲು ಬಿಟ್ಟು, ಬಿಸಿಲಿಗೊಮ್ಮೆ ನೆರಳಿಗೊಮ್ಮೆ ಹಿಡಿದು, ಒಂದು ಹನಿ ಕಪ್ಪು, ಅರ್ಧ ಹನಿ ಹಳದಿ ಎಂದು ಬೆರೆಸುತ್ತಾ ಹೋಗುತ್ತಾರೆ. ಅಂಚಿಗೆ ಬಂದಾಗ ಬಣ್ಣ ಚಿಮ್ಮಿಸುವ ಗನ್ನನ್ನು ದೂರ ಸರಿಸಿ ತೆಳ್ಳಗೆ ಬಿಡುತ್ತಾರೆ. ಕೊನೆಗೆ ಕಾರಿನ ಮಾಲೀಕನೇ ಬಂದು, "ಎಲ್ಲಿ ಗುದ್ದಿದ್ದು?" ಎಂದು ಹುಡುಕಬೇಕು. ಬಾವ ಬದುಕುವುದೇ ಆ ಒಂದು ಪ್ರಶ್ನೆಗಾಗಿ.

"ಗೊತ್ತಾಗ್ಲಿಲ್ಲ ಅಂದ್ಮೇಲೆ ಆಗೇ ಇಲ್ಲ ಅಂತ ಲೆಕ್ಕ" ಎಂಬುದು ಅವರ ವೇದಾಂತ. ಮನೆಯಲ್ಲೂ ಅದೇ. ತಮ್ಮ ಸೋದರಮಾವ ಸತ್ತ ಸುದ್ದಿಯನ್ನು ತಾಯಿಗೆ ಹೇಳಲಾರದೆ, ಮೊದಲು ಜ್ವರ ಎಂದು ಶುರು ಮಾಡಿ, ದಿನಕ್ಕಿಷ್ಟು ಜ್ವರ ಏರಿಸುತ್ತಾ ಹೋಗಿ, ಆಮೇಲೆ ಸಾಯಿಸಿದವರು ಅವರು. ಅಕ್ಕನಿಗೆ ಇಷ್ಟವಾದ ಪಿಂಗಾಣಿ ಲೋಟ ಕೈಜಾರಿ ಒಡೆದಾಗ ಊರೆಲ್ಲ ಅಲೆದು ಅಂಥದ್ದೇ ಇನ್ನೊಂದು ತಂದಿಟ್ಟರು. ಅಕ್ಕ ಅದರಲ್ಲಿ ಕಾಫಿ ಕುಡಿದು, ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. "ಹಿಡಿ ದಪ್ಪ ಇದೆ ಕಣೇ" ಎಂದು ಆಮೇಲೆ ಪಿಸುಗುಟ್ಟಿದಳು. "ಅವರಿಗೆ ಹೇಳ್ಬೇಡ, ಪಾಪ."

ಅಕ್ಕನದು ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಪಾರ್ಲರ್. ಕೂದಲು ಕತ್ತರಿಸುವುದು, ಬಣ್ಣ ಹಚ್ಚುವುದು, ತಲೆಗೆ ಎಣ್ಣೆ ತಿಕ್ಕುವುದು. ಅವಳ ಬೆರಳುಗಳನ್ನು ನೋಡಿದರೆ ನನಗೆ ಒಂದು ಬಗೆಯ ಭಯವಾಗುತ್ತಿತ್ತು. ವರ್ಷಗಳ ಮೇಲೆ ಬಂದ ಗಿರಾಕಿಯ ಮುಖ ಅವಳಿಗೆ ನೆನಪಿರುವುದಿಲ್ಲ. ನೆತ್ತಿಗೆ ಕೈ ಹಾಕಿದ ತಕ್ಷಣ, "ಓ, ನೀವಾ! ಎರಡು ಸುಳಿಯವರು. ಎರಡನೇ ಮದುವೆ ಆಯ್ತಾ?" ಎಂದು ನಗಿಸುತ್ತಿದ್ದಳು. ನಾನು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವಳು, ತಪ್ಪು ಹುಡುಕುವುದೇ ನನ್ನ ಅನ್ನ. ಆದರೂ ಅವಳ ಬೆರಳಿಗೆ ಸಿಕ್ಕಷ್ಟು ನನ್ನ ಕಣ್ಣಿಗೆ ಸಿಕ್ಕಿಲ್ಲ.

ಎರಡು ಬಸಿರು ನಿಲ್ಲದೆ ಹೋದ ಮೇಲೆ ಅಕ್ಕ ಕತ್ತರಿ ಮುಟ್ಟದೆ ಕೂತುಬಿಟ್ಟಳು. ಏನು ಹೇಳಬೇಕೆಂದು ತಿಳಿಯದ ಬಾವ ಒಂದು ದಿನ ಚಪ್ಪಲಿ ಡಬ್ಬವೊಂದನ್ನು ಎದೆಗವಚಿಕೊಂಡು ಬಂದು ಅವಳ ಮಡಿಲಲ್ಲಿಟ್ಟರು. ಒಳಗೆ ಎರಡು ಗಿನಿಪಿಗ್‌ಗಳಿದ್ದವು.

ನಾನು ಮೊದಲು ಮುಖ ಸಿಂಡರಿಸಿದೆ. ಬಾಲವಿಲ್ಲದ ಇಲಿ, ಹೆಸರಿನಲ್ಲಿ ಬೇರೆ ಹಂದಿ. ಆದರೆ ಒಂದು ವಾರದಲ್ಲಿ ನನ್ನ ನಾಲಿಗೆ ತಿರುಗಿತು. ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಸಾಕು, ಮುಂಗಾಲನ್ನು ಗೂಡಿನ ಕಂಬಿಗೆ ಊರಿ ನಿಂತು "ವೀಕ್, ವೀಕ್" ಎಂದು ಮನೆ ಹಾರಿಹೋಗುವಂತೆ ಕೂಗುತ್ತಿದ್ದವು. ಕೊತ್ತಂಬರಿ ಕಟ್ಟು ಕಂಡರೆ ಹುರಿದ ಜೋಳ ಸಿಡಿದಂತೆ ನಿಂತಲ್ಲೇ ನೆಗೆಯುತ್ತಿದ್ದವು. ತೊಡೆಯ ಮೇಲಿಟ್ಟು ಸವರಿದರೆ ಒಳಗೆಲ್ಲೋ ಹೊಲಿಗೆ ಮಿಷನ್ ಓಡಿದ ಹಾಗೆ ಗುರುಗುಟ್ಟುತ್ತಿದ್ದವು. ಕಚ್ಚುವುದಿಲ್ಲ, ಪರಚುವುದಿಲ್ಲ, ಹೆದರಿದರೆ ಅಲ್ಲಾಡದೆ ಕೂರುತ್ತವೆ. ಇಷ್ಟು ಸಾಧುವಾದ ಪ್ರಾಣಿ ಈ ಲೋಕದಲ್ಲಿ ಹೇಗೆ ಉಳಿದುಕೊಂಡಿತು ಎಂದು ನನಗೆ ಇವತ್ತಿಗೂ ಆಶ್ಚರ್ಯ.

ಅಕ್ಕನಿಗಂತೂ ಅವು ಹೊಸ ಗಿರಾಕಿಗಳು. ಉದ್ದ ಕೂದಲಿನ ಜಾತಿಯದು ಒಂದು. ಎದುರಿನಿಂದ ನೋಡಿದರೆ ಮುಖ ಯಾವುದು ಹಿಂಭಾಗ ಯಾವುದು ತಿಳಿಯದು, ಕೂದಲು ನೆಲ ಗುಡಿಸುತ್ತಿತ್ತು. ಅದಕ್ಕೆ 'ಪರದೆ' ಎಂದು ಹೆಸರಿಟ್ಟಳು. ಇನ್ನೊಂದು ಅಬಿಸೀನಿಯನ್ ಜಾತಿ. ಅದರ ಮೈತುಂಬ ಸುಳಿಗಳು. ಬೆನ್ನಿನ ಮೇಲೆ, ಭುಜದ ಮೇಲೆ, ಸೊಂಟದ ಮೇಲೆ ಹೂವರಳಿದಂತೆ ಕೂದಲು ನಾನಾ ದಿಕ್ಕಿಗೆ ಎದ್ದು, ಆಗತಾನೇ ನಿದ್ದೆಯಿಂದ ಎದ್ದು ಬಂದವಳ ಹಾಗೆ ಕಾಣುತ್ತಿತ್ತು. ಕಪ್ಪು, ಕೆಂಚು, ಬಿಳಿ ಮೂರೂ ಬಣ್ಣ. ಅದು 'ಕೆದರಿ'. ಬಾವ ಇವನ್ನು ಕೊಂಡಿದ್ದ ಹಕ್ಕಿ ಅಂಗಡಿಯವನ ಬಳಿ ಇನ್ನೂ ಬಗೆಗಳಿದ್ದವು. ಗುಂಗುರು ಕೂದಲಿನದು, ಕರಡಿ ಗೊಂಬೆಯ ಹಾಗೆ ಒತ್ತೊತ್ತಾದ ಕೂದಲಿನದು, ನೆತ್ತಿಯ ಮೇಲೆ ಒಂದೇ ಬಿಳಿ ಸುಳಿ ಇಟ್ಟುಕೊಂಡದ್ದು, ಮೈಮೇಲೆ ಕೂದಲೇ ಇಲ್ಲದೆ ಸಣ್ಣ ನೀರಾನೆಯಂತಿದ್ದದ್ದು. ಆ ಬೋಳನನ್ನು ನೋಡಿ ಅಕ್ಕ, "ಇವನು ನಮ್ಮ ಅಂಗಡಿಗೆ ಬಂದ್ರೆ ನಾನು ಉಪವಾಸ" ಎಂದು ಎಷ್ಟೋ ದಿನಗಳ ಮೇಲೆ ನಕ್ಕಳು. ಬಾವ ಆ ನಗುವನ್ನು ನೋಡಿ ಗೋಡೆಯ ಕಡೆ ತಿರುಗಿಕೊಂಡರು.

ಪಕ್ಕದ ಮನೆಯಾಕೆ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳಿಗೆ ಹೆರದೇನೇ ಮುದ್ದು" ಎಂದು ಆಡಿಕೊಂಡಳು. ಅವಳ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಅಂದೇ ಶಾಪ ಹಾಕಿದೆ.

ಅಂಗಡಿಯವನು ಕೊಡುವಾಗ ಒಂದು ಮಾತು ಹೇಳಿದ್ದನಂತೆ. "ಇವು ಕಾಯಿಲೆ ಬಂದ್ರೆ ಹೇಳ್ಕೊಳ್ಳಲ್ಲ ಸಾರ್. ತೋರಿಸ್ಕೊಂಡ್ರೆ ಯಾರಾದ್ರೂ ಹಿಡ್ಕೊಂಡು ತಿಂತಾರೆ ಅನ್ನೋ ಭಯ ರಕ್ತದಲ್ಲೇ ಇದೆ. ಚೆನ್ನಾಗಿರೋ ಹಾಗೇ ನಟಿಸ್ತಾವೆ. ನಮಗೆ ಗೊತ್ತಾಗೋಷ್ಟರಲ್ಲಿ ಮುಗಿದಿರುತ್ತೆ." ಬಾವ ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಅಕ್ಕನ ಕೈಯಲ್ಲಿದ್ದ ತುತ್ತು ಬಾಯಿಯವರೆಗೆ ಬಂದು ನಿಂತಿತು. ನನಗೂ ಏಕೋ ಆ ಮಾತು ಹಿಡಿಸಲಿಲ್ಲ.

ನಲವತ್ತು ಹತ್ತಿರವಾಗುವಾಗ ಅಕ್ಕ ಮತ್ತೆ ಬಸುರಾದಳು. ಈ ಸಲ ನಿಂತಿತು. ಆದರೆ ಬಿ.ಪಿ. ಏರಿತು, ಕಾಲು ಬಾತವು. ಡಾಕ್ಟರಮ್ಮ ಪಾರ್ಲರಿಗೆ ಬೀಗ ಹಾಕಿಸಿ ಹಾಸಿಗೆ ಹಿಡಿಸಿದರು. ನಮ್ಮಿಬ್ಬರನ್ನು ಕರೆದು ಕೂರಿಸಿ, "ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಇದರಲ್ಲಿ ಯಾವುದು ಬಂದ್ರೂ ಆ ಗಳಿಗೇಲೇ ಕರ್ಕೊಂಡು ಬನ್ನಿ. ತಡ ಮಾಡಿದ್ರೆ ತಾಯಿ ಮಗು ಇಬ್ರೂ ಇರಲ್ಲ. ಮತ್ತೆ ನೋಡಿ, ಅವರಿಗೆ ಗಾಬರಿ ಆಗೋ ಸುದ್ದಿ ಬೇಡ" ಎಂದರು. ಮೊದಲ ಮಾತನ್ನು ನಾನು ಹಿಡಿದುಕೊಂಡೆ. ಕೊನೆಯ ಮಾತನ್ನು ಬಾವ ಹಿಡಿದುಕೊಂಡರು.

ಅದುವರೆಗೆ ಆಗಾಗ ಬಂದುಹೋಗುತ್ತಿದ್ದ ನಾನು ಪ್ರೆಸ್ಸಿಗೆ ರಜೆ ಹಾಕಿ ಅಕ್ಕನ ಮನೆಯಲ್ಲೇ ಉಳಿದೆ. ಹಾಲಿನಲ್ಲಿ ಅವಳ ಮಂಚ, ಮಂಚದ ಪಕ್ಕ ಗಿನಿಪಿಗ್ ಗೂಡು. ಆ ಬೇಸಿಗೆಯಲ್ಲಿ ಪರದೆ ಹೊಟ್ಟೆಯುಬ್ಬರಿಸಿಕೊಂಡು ಸತ್ತಿತು. "ಪಾಲುದಾರನ ಮಗಳು ತುಂಬ ಆಸೆಪಟ್ಟಳು, ಕೊಟ್ಟುಬಿಟ್ಟೆ" ಎಂದು ಬಾವ ಅಕ್ಕನಿಗೆ ಹೇಳಿದರು. ಅಕ್ಕ "ಹೌದಾ" ಎಂದಳು, ಅಷ್ಟೇ. ಒಂಟಿಯಾದ ಕೆದರಿ ಹುಲ್ಲು ಬಿಟ್ಟಿತು. ಜೊತೆಯಿಲ್ಲದೆ ಇವು ಬದುಕುವುದಿಲ್ಲ. ಬಾವ ನುಣ್ಣನೆಯ ಗಿಡ್ಡ ಕೂದಲಿನದೊಂದನ್ನು ಹೆಣ್ಣೆಂದು ನಂಬಿ ತಂದು ಜೊತೆಗೆ ಬಿಟ್ಟರು. ಅದು ಹೆಣ್ಣಾಗಿರಲಿಲ್ಲ. ನಮಗೆ ತಿಳಿಯುವ ಹೊತ್ತಿಗೆ ಕೆದರಿಯ ಹೊಟ್ಟೆ ಎರಡೂ ಪಕ್ಕಕ್ಕೆ ಜೋಲುತ್ತಿತ್ತು.

ಅಕ್ಕನ ಸಂತೋಷ ನೋಡಬೇಕಿತ್ತು. ಕೆದರಿಯನ್ನು ತನ್ನ ಉಬ್ಬಿದ ಹೊಟ್ಟೆಯ ಪಕ್ಕ ಕೂರಿಸಿಕೊಂಡು, ಅದರ ಸುಳಿಗಳನ್ನು ಒಂದೊಂದಾಗಿ ತೀಡುತ್ತಾ, "ಇಬ್ರೂ ಒಟ್ಟಿಗೆ ಕಣೇ. ಇವಳದ್ದು ಸಲೀಸಾದ್ರೆ ನಂದೂ ಸಲೀಸು. ನಾನು ಮನಸ್ಸಲ್ಲಿ ಹಾಗಂತ ಕಟ್ಕೊಂಡಿದೀನಿ" ಎಂದಳು.

"ಅಂಥದ್ದೆಲ್ಲ ಕಟ್ಕೋಬೇಡ ಅಕ್ಕ" ಎಂದೆ.

ಬಾವನೂ ನಾನೂ ಹಕ್ಕಿ ಅಂಗಡಿಗೆ ಹೋದೆವು. ಅವನು ಕೆದರಿಯ ವಯಸ್ಸು ಕೇಳಿ ಮುಖ ಸಪ್ಪಗೆ ಮಾಡಿದ. "ಮೊದಲನೇ ಸಲ ಮರಿ ಹಾಕೋದಾದ್ರೆ ಎಳೇ ವಯಸ್ಸಲ್ಲೇ ಹಾಕ್ಬೇಕು ಸಾರ್. ಆಮೇಲೆ ಸೊಂಟದ ಮೂಳೆ ಬೆಸೆದುಕೊಂಡುಬಿಡುತ್ತೆ, ಅಗಲ ಆಗಲ್ಲ. ಮರಿ ಆಚೆ ಬರೋಕೆ ದಾರಿನೇ ಇರಲ್ಲ. ನೂರಕ್ಕೊಂದು ಉಳಿಯುತ್ತೆ."

ದಾರಿಯುದ್ದಕ್ಕೂ ನಾನು ಜಗಳವಾಡಿದೆ. "ಬಾವ, ಅಕ್ಕನಿಗೆ ಈಗಲೇ ಹೇಳ್ಬಿಡೋಣ. ಮೆಲ್ಲಗೆ ಹೇಳೋಣ. ಅವಳು ಅದರ ಮೇಲೆ ಜೀವ ಇಟ್ಟು ಪಂದ್ಯ ಕಟ್ಟಿದಾಳೆ."

"ಅದಕ್ಕೇ ಹೇಳ್ಬಾರದು" ಎಂದರು. "ಡಾಕ್ಟ್ರಮ್ಮ ಏನಂದ್ರು? ಗಾಬರಿ ಮಾಡ್ಬೇಡಿ ಅಂದ್ರೋ ಇಲ್ವೋ?"

"ಸತ್ತ ದಿನ ಏನ್ಮಾಡ್ತೀರ?"

ಬಾವ ಬೆರಳಿನ ಉಗುರಿನಲ್ಲಿ ಅಂಟಿದ್ದ ಬಣ್ಣವನ್ನು ಕೆರೆಯುತ್ತಾ ನಡೆದರು.

ಅಕ್ಕನಿಗೆ ಏಳು ತಿಂಗಳು ತುಂಬಿದ ಮೇಲೆ ಒಂದು ಬೆಳಗ್ಗೆ ನಾನು ಫ್ರಿಜ್ ತೆರೆದೆ. ಕೂಗು ಬರಲಿಲ್ಲ. ಕೆದರಿ ಮೂಲೆಯಲ್ಲಿ ಮುದುರಿ, ಕೂದಲೆಲ್ಲ ನಿಮಿರಿಸಿಕೊಂಡು, ಗೋಡೆಗೆ ಮುಖ ಮಾಡಿ ಕೂತಿತ್ತು. ಆಗಾಗ ಮೈ ಬಿಗಿಯುತ್ತಿತ್ತು, ಮತ್ತೆ ಸಡಿಲವಾಗುತ್ತಿತ್ತು, ಏನೂ ಆಗುತ್ತಿರಲಿಲ್ಲ. ಬಾವ ಅದನ್ನು ಟವೆಲ್ಲಿನಲ್ಲಿ ಸುತ್ತಿ ಡಬ್ಬಕ್ಕಿಟ್ಟು, "ಹೆರಿಗೆಗೆ ಪ್ರಾಣಿಗಳ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ" ಎಂದರು. ಅಕ್ಕ ಮಲಗಿದ್ದಲ್ಲಿಂದಲೇ ಡಬ್ಬಕ್ಕೆ ಕೈ ಹಾಕಿ, "ಧೈರ್ಯವಾಗಿರೇ. ನೀನು ಮುಗಿಸ್ಕೊಂಡು ಬಾ. ಹಿಂದೇನೇ ನಾನು" ಎಂದಳು.

ಮಧ್ಯಾಹ್ನ ಅಕ್ಕ ಕಣ್ಣು ಮುಚ್ಚಿದ್ದಾಗ ಬಾವ ಬರಿಗೈಯಲ್ಲಿ ಬಂದು, ಸದ್ದಿಲ್ಲದೆ ಪಾರ್ಲರಿನ ಬೀಗ ತೆಗೆದು ಒಳಗೆ ಹೋಗಿ, ಜೇಬಿಗೇನೋ ಹಾಕಿಕೊಂಡು ಹೊರಟುಹೋದರು. ನಾನು ಕರೆದರೂ ನಿಲ್ಲಲಿಲ್ಲ.

ಸಂಜೆ ಡಬ್ಬದ ಸಮೇತ ಬಂದಾಗ ಅವರ ಮುಖದ ತುಂಬ ನಗು. "ನೋಡೇ, ಎರಡು ಮರಿ! ಎಲ್ಲ ಚೆನ್ನಾಗಿದೆ." ಡಬ್ಬದಲ್ಲಿ ಮೂರು ಬಣ್ಣದ ಅಬಿಸೀನಿಯನ್ ತಾಯಿ, ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು, ಮೈತುಂಬ ಕೂದಲು ಹೊತ್ತು, ಹುಟ್ಟಿದ ದಿನವೇ ಓಡಾಡುವ ಎರಡು ಮರಿ. ನಾನು ಒಂದು ಗಳಿಗೆ ನಂಬಿಬಿಟ್ಟೆ. ಅಡುಗೆಮನೆಗೆ ಓಡಿ ಕೊತ್ತಂಬರಿ ಬಿಡಿಸತೊಡಗಿದೆ. ಬಾವ ಹಿಂದೆಯೇ ಬಂದು ಬಾಗಿಲು ಸರಿಸಿಕೊಂಡರು.

"ಕೆದರಿ ಡಾಕ್ಟ್ರ ಮೇಜಿನ ಮೇಲೇ ಹೋದಳು" ಎಂದರು. "ಮರಿಗಳೂ ಹೋದವು. ಇಡೀ ಊರು ಸುತ್ತಿದೆ. ಇದೊಂದೇ ಹೊಂದಿದ್ದು. ಕಿವಿ ಹಿಂದೆ ಬಿಳಿ ಇತ್ತು, ಅಲ್ಲಿ ಕೆದರಿಗೆ ಕಪ್ಪು. ಸ್ವಲ್ಪ ಹಚ್ಚಿದೆ. ಬಿಸಿಲಲ್ಲೂ ನೋಡ್ದೆ, ನೆರಳಲ್ಲೂ ನೋಡ್ದೆ. ಗೊತ್ತಾಗಲ್ಲ."

ಅವರ ಬೆರಳ ಮಡಿಕೆಯಲ್ಲಿ ಕಪ್ಪು ಕಲೆ. ಅಕ್ಕನ ಪಾರ್ಲರಿನದೇ ಹೇರ್ ಡೈ.

"ಬಾವ, ನಿಮಗೆ ತಲೆ ಕೆಟ್ಟಿದೆಯಾ? ಅಕ್ಕನ ಬೆರಳು ಎಂಥದ್ದು ಅಂತ ಮರೆತ್ರಾ?"

"ಬಾಯಿ ಬಿಟ್ಟೆ ಅಂದ್ರೆ ಅವಳ ಜೀವ ನಿನ್ನ ಕೈಲಿ" ಎಂದರು. ಹೆದರಿಸುವ ಮಾತಲ್ಲ ಅದು. ಅವರು ಅಳುತ್ತಿದ್ದರು. ಸಿಂಕಿನಲ್ಲಿ ಮುಖ ತೊಳೆದು, ಒರೆಸಿ, ಮತ್ತೆ ಆ ನಗು ಹಚ್ಚಿಕೊಂಡು ಹಾಲಿಗೆ ಹೋದರು.

ನಾನು ಕೊತ್ತಂಬರಿ ಹಿಡಿದು ಹಿಂದೆಯೇ ಹೋದೆ. ಅಕ್ಕ ತಾಯಿ ಗಿನಿಪಿಗ್ಗನ್ನು ಎದೆಯ ಮೇಲಿಟ್ಟುಕೊಂಡಿದ್ದಳು. ಬೆರಳುಗಳು ಬೆನ್ನಿನ ಮೇಲೆ ಹೋದವು, ಭುಜದ ಮೇಲೆ ನಿಂತವು, ಸೊಂಟಕ್ಕೆ ಇಳಿದವು, ಮತ್ತೆ ಭುಜಕ್ಕೆ ಬಂದವು. ಸುಳಿ ಇರಬೇಕಾದಲ್ಲಿ ಇರಲಿಲ್ಲ. ಕಿವಿಯ ಹಿಂದೆ ಬಂದು ಬೆರಳು ನಿಂತೇಬಿಟ್ಟಿತು. ಅದನ್ನು ಮೂಗಿನ ಹತ್ತಿರ ತಂದಳು. ವರ್ಷಗಟ್ಟಲೆ ಪಾರ್ಲರಿನಲ್ಲಿ ದಿನವಿಡೀ ಅವಳು ಉಸಿರಾಡಿದ ವಾಸನೆ ಅದು. ಈಗ ಕೂಗುತ್ತಾಳೆ, ಈಗ ಅಳುತ್ತಾಳೆ, ಲೋಟದ ದಿನದ ಹಾಗೆ ನನಗೆ ಕಣ್ಣಾದರೂ ಮಿಟುಕಿಸುತ್ತಾಳೆ ಎಂದುಕೊಂಡೆ.

"ಚೆನ್ನಾಗಿದಾಳೆ" ಎಂದಳು ಅಕ್ಕ. "ತೊಗೊಂಡು ಗೂಡಿಗೆ ಬಿಡಿ."

ಬಾವನ ಮುಖದಲ್ಲಿ ಕಾರಿನ ಮಾಲೀಕ 'ಎಲ್ಲಿ ಗುದ್ದಿದ್ದು' ಎಂದು ಕೇಳಿದಾಗಿನ ಕಳೆ ಬಂತು.

ಅಂದಿನಿಂದ ಅಕ್ಕ ಬಹಳ ಒಳ್ಳೆಯ ರೋಗಿಯಾದಳು. ಏನು ಕೇಳಿದರೂ "ಚೆನ್ನಾಗಿದೀನಿ." ತಲೆನೋವು? "ಇಲ್ಲ." ಕಣ್ಣು? "ಚೆನ್ನಾಗಿ ಕಾಣ್ಸುತ್ತೆ." ಕೊಟ್ಟದ್ದನ್ನು ತಿಂದಳು. ಬಾವ ನಗಿಸಿದರೆ ನಕ್ಕಳು. ಗೂಡಿನ ಕಡೆಗೆ ಮಾತ್ರ ತಿರುಗಲಿಲ್ಲ. ಹೊಸ ತಾಯಿಗೆ ನಮ್ಮ ಫ್ರಿಜ್ಜಿನ ಸದ್ದು ಗೊತ್ತಿರಲಿಲ್ಲ. ಬಾಗಿಲು ತೆರೆದರೂ ಮನೆ ಸುಮ್ಮನಿರುತ್ತಿತ್ತು. ಆ ಮೌನ ನನಗೆ ಸಹಿಸಲಾಗುತ್ತಿರಲಿಲ್ಲ. ಒಂದೆರಡು ಸಲ ಅವಳ ಪಕ್ಕ ಕೂತು ಬಾಯಿ ತೆರೆದೆ. ಬಾವ ಬಾಗಿಲಲ್ಲಿ ನಿಂತಿರುತ್ತಿದ್ದರು, ಕೈ ಮುಗಿದುಕೊಂಡು.

ಒಂದು ಬೆಳಗ್ಗೆ ಹಾಲು ಕುಡಿದ ಅಕ್ಕ ಲೋಟವನ್ನು ಮೇಜಿನ ಮೇಲಿಡಲು ಹೋಗಿ ಗಾಳಿಯಲ್ಲಿ ಬಿಟ್ಟಳು. ಮೇಜು ಒಂದು ಗೇಣು ಆಚೆಗಿತ್ತು. ಲೋಟ ಬಿದ್ದ ಸದ್ದಿಗೂ ಅವಳು ಬೆಚ್ಚಲಿಲ್ಲ. ನಾನು ಅವಳ ಕಣ್ಣ ಮುಂದೆ ಕೈ ಆಡಿಸಿದೆ.

"ಅಕ್ಕ, ಯಾವಾಗ್ಲಿಂದ?"

"ಇರಲಿ ಬಿಡೇ" ಎಂದಳು.

ಟ್ಯಾಕ್ಸಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಮುಂದೆ ಕೂತ ಬಾವ ತಿರುಗಿ ತಿರುಗಿ, "ಏನಾಗಲ್ಲ, ಎಲ್ಲ ಚೆನ್ನಾಗಿದೆ" ಎನ್ನುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿ.ಪಿ. ನೋಡಿದವರೇ ಸಿಡಿದುಬಿದ್ದರು. "ಅಷ್ಟು ಹೇಳಿದ್ನಲ್ಲ! ತಲೆನೋವು ಯಾವಾಗ್ಲಿಂದ?" ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಆಪರೇಷನ್ನಿಗೆ ಸಿದ್ಧಮಾಡುವಾಗ ನನ್ನನ್ನೊಬ್ಬಳನ್ನು ಅವಳ ಹತ್ತಿರ ಬಿಟ್ಟರು.

"ಕೆದರಿ ಅವತ್ತೇ ಹೋದ್ಲಾ?" ಅಕ್ಕ ಕೇಳಿದಳು. ಅವಳ ಕಣ್ಣು ಬೇರೆಲ್ಲೋ ಇತ್ತು.

"ಹೂಂ ಅಕ್ಕ. ಮರಿಗಳೂ."

"ಅವತ್ತಿಂದಾನೇ ತಲೆನೋವು."

"ಯಾಕೆ ಹೇಳ್ಲಿಲ್ಲ? ನಿನ್ನ ಕಾಲಿಗೆ ಬೀಳ್ತೀನಿ, ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? 'ಏನಿಲ್ಲ, ಎಲ್ಲ ಚೆನ್ನಾಗಿದೆ' ಅಂತಿದ್ರಿ. ಅದನ್ನೇ ನಾನೂ ಅಂದೆ" ಎಂದಳು. ಅಷ್ಟರಲ್ಲಿ ಅವಳ ದವಡೆ ಕಚ್ಚಿಕೊಂಡಿತು, ಮೈ ಸೆಟೆದು ಅದುರತೊಡಗಿತು. ನನ್ನನ್ನು ಹೊರಗೆ ದಬ್ಬಿದರು.

ಆಮೇಲಿನ ಹೊತ್ತನ್ನು ನಾನು ವಿವರಿಸಲಾರೆ. ಬಾವ ಬೆಂಚಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ನಾನು ಅವರ ಪಕ್ಕ ಕೂರಲಿಲ್ಲ.

ಇಬ್ಬರೂ ಉಳಿದರು. ಇನ್ನೊಮ್ಮೆ ಬರೆಯುತ್ತೇನೆ. ಇಬ್ಬರೂ ಉಳಿದರು. ಹೆಣ್ಣು ಮಗು, ಅಂಗೈಗೆ ಸ್ವಲ್ಪ ಹೆಚ್ಚು, ಗಾಜಿನ ಪೆಟ್ಟಿಗೆಯಲ್ಲಿ ಬೇರೆ ವಾರ್ಡಿನಲ್ಲಿಟ್ಟರು. ಎದೆ ಏರಿಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅಕ್ಕ ಎಚ್ಚರಾಗಲು ದಿನಗಳು ಹಿಡಿದವು. ಕಣ್ಣು ನಿಧಾನವಾಗಿ ತಿಳಿಯಾಯಿತು. ಮಗುವಿನ ಬಗ್ಗೆ ಅವಳು ಏನೂ ಕೇಳಲಿಲ್ಲ. ಕೇಳಲು ಭಯ ಎಂದು ನಾವು ತಿಳಿದೆವು.

ಕೊನೆಗೆ ಡಾಕ್ಟರಮ್ಮ ಒಪ್ಪಿ, ನರ್ಸ್ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬಾವನ ಕೈಗಿತ್ತಳು. ಅವರ ಜೀವಮಾನದಲ್ಲಿ ಮೊದಲ ಸಲ ಹೇಳಲು ಒಳ್ಳೆಯ ಸುದ್ದಿಯೂ ಇತ್ತು, ಅದು ನಿಜವೂ ಆಗಿತ್ತು. ಮುಖದ ತುಂಬ ನಗುತ್ತಾ ಅಕ್ಕನ ಹಾಸಿಗೆಯ ಹತ್ತಿರ ಹೋದರು.

"ನೋಡೇ, ಮಗಳು! ಎಲ್ಲ ಚೆನ್ನಾಗಿದೆ."

ಅಕ್ಕ ಮಗುವನ್ನು ನೋಡಲಿಲ್ಲ. ಬಾವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಅವಳಿಗೆ ಸಿಟ್ಟಿರಲಿಲ್ಲ. ಅಯ್ಯೋ ಪಾಪ ಎನ್ನುವ ಹಾಗಿತ್ತು ನೋಟ.

"ಎಲ್ಲಿಂದ ತಂದ್ರಿ?" ಎಂದು ಕೇಳಿದಳು.

ನರ್ಸ್ ತಮಾಷೆ ಎಂದುಕೊಂಡು ಕಿಸಕ್ಕನೆ ನಕ್ಕಳು. ಬಾವನ ನಗು ಮುಖದ ಮೇಲೆ ಹಾಗೇ ಉಳಿದುಹೋಯಿತು, ತೆಗೆಯಲು ಅವರಿಗೆ ತಿಳಿಯಲಿಲ್ಲ.

"ಅಕ್ಕ, ನಿಂದೇ ಕಣೇ! ನಾನೇ ಕಣ್ಣಾರೆ ನೋಡಿದೀನಿ, ಆಣೆ ಮಾಡಿ ಹೇಳ್ತೀನಿ" ಎಂದು ನಾನು ಅವಳ ತೋಳು ಹಿಡಿದು ಅಲುಗಿಸಿದೆ.

"ಕೆದರಿ ಹೋದ ದಿನ ನೀನೂ ಅವರ ಜೊತೆ ಅಡುಗೆಮನೇಲೇ ಇದ್ಯಲ್ಲ" ಎಂದಳು ಅಕ್ಕ.

ಬಾವ ಮಗುವನ್ನು ಇನ್ನಷ್ಟು ಹತ್ತಿರ ಚಾಚಿದರು. ಅದು ಹಸಿದು ಅಳತೊಡಗಿತು. ಅಕ್ಕ ಕೈ ಚಾಚಲಿಲ್ಲ.